ಆತುರದ ಲೆಕ್ಕ

ಕುಮಟೆಯ ಬಸ್ ಸ್ಟ್ಯಾಂಡಿನ ಹಿಂದಿರುವ ಪಾರ್ಲರಿನಲ್ಲಿ ಕಳೆದ ವಾರ ನನ್ನ ಮಾನ ಹೋಯಿತು. ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಕುಳಿತಿದ್ದೆ. ಹುಡುಗಿ ಬಟ್ಟಲಲ್ಲಿ ಎರಡು ಟ್ಯೂಬು ಹಿಂಡಿ, ಕಲಸಿ, ಬ್ರಷ್ಷನ್ನು ನನ್ನ ಕಿವಿಯ ಹತ್ತಿರ ತಂದಳು, ಅಷ್ಟೇ. ಮರುಕ್ಷಣ ನಾನು ಬಾಗಿಲಲ್ಲಿ ನಿಂತಿದ್ದೆ. ಕೊರಳಿಗೆ ಕಪ್ಪು ಬಟ್ಟೆ, ಒಂದು ಕೈ ಮೂಗಿನ ಮೇಲೆ, ಇನ್ನೊಂದು ಕೈ ಎತ್ತಿ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂದು ನೋಡುತ್ತಿದ್ದೆ. ಸಾಲಿನಲ್ಲಿ ಕುಳಿತಿದ್ದ ಮೂವರು ಹೆಂಗಸರು ನನ್ನನ್ನೇ ನೋಡಿದರು.

"ಎಂತ ಆತು ಅಕ್ಕ? ಅಲರ್ಜಿ ಉಂಟಾ?" ಎಂದು ಹುಡುಗಿ ಕೇಳಿದಳು.

"ಅಲರ್ಜಿ ಅಲ್ಲ, ಅಮೋನಿಯಾ," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ. ಬಣ್ಣ ಹಚ್ಚಿಸಿಕೊಳ್ಳದೇ ಎದ್ದು ಬಂದೆ. ದಾರಿಯುದ್ದಕ್ಕೂ ನೆನಪಾದದ್ದು ಹೊನ್ನಾವರದ ಬಂದರು, ಒಂದು ಜುಲೈ ತಿಂಗಳು, ಮತ್ತು ನನ್ನ ಸೋದರಮಾವ ನಾರಾಯಣ.

ಆ ವರ್ಷ ನಾನು ಘಟ್ಟದ ಮೇಲಿನ ಕಾಲೇಜಿನಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಮುಗಿಸಿದ್ದೆ, ಅಂದರೆ ಮುಗಿಸಿರಲಿಲ್ಲ. ಥರ್ಮೊಡೈನಮಿಕ್ಸ್ ಎಂಬ ಒಂದು ವಿಷಯದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಎರಡೂ ಸಲ ನನ್ನನ್ನು ಕೆಡವಿದ್ದು ಒಂದೇ ಅಧ್ಯಾಯ: ಫ್ಯುಗಾಸಿಟಿ. ಗ್ಯಾಸಿನ ಫ್ಯುಗಾಸಿಟಿ ಲೆಕ್ಕ ಹಾಕು, ದ್ರವದ ಫ್ಯುಗಾಸಿಟಿ ಲೆಕ್ಕ ಹಾಕು, ಎರಡೂ ಸಮ ಎಂದು ತೋರಿಸು. ನನ್ನವು ಯಾವತ್ತೂ ಸಮ ಬಂದದ್ದಿಲ್ಲ. ಆಗಸ್ಟಿನಲ್ಲಿ ಮೂರನೇ ಪರೀಕ್ಷೆ ಇತ್ತು. ಅದನ್ನು ಓದಲು ಹೊನ್ನಾವರದ ಮನೆಗೆ ಬಂದಿದ್ದೆ. ಮನೆಯಲ್ಲಿ ಅಮ್ಮ ಮತ್ತು ಮಾವ. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರನ್ನು ಕರೆತಂದು ಇಟ್ಟುಕೊಂಡವನು ಮಾವನೇ. ಮದುವೆ ಆಗಲಿಲ್ಲ. ಕೇಳಿದರೆ "ಐಸ್ ಫ್ಯಾಕ್ಟರಿ ಕಟ್ಕಂಡಾಗ್ಯದೆ ಮಾರಾಯ್ತಿ, ಇನ್ನೊಂದು ಎಂತಕ್ಕೆ?" ಅನ್ನುತ್ತಿದ್ದ.

ಬಂದರಿನ ಬದಿಯ ಐಸ್ ಫ್ಯಾಕ್ಟರಿಯಲ್ಲಿ ಅವನು ಆಪರೇಟರ್. ಮೀನಿಗೆ ಬೇಕಾದ ಮಂಜುಗಡ್ಡೆಯನ್ನು ಅಲ್ಲಿ ಅಮೋನಿಯಾದಿಂದ ತಯಾರು ಮಾಡುತ್ತಾರೆ. ಕಂಪ್ರೆಸರ್ ಅಮೋನಿಯಾ ಗ್ಯಾಸನ್ನು ಒತ್ತುತ್ತದೆ, ಕಂಡೆನ್ಸರಿನಲ್ಲಿ ಅದು ತಣಿದು ನೀರಿನಂತಾಗುತ್ತದೆ, ಆ ದ್ರವ ಮತ್ತೆ ಆವಿಯಾಗುವಾಗ ಸುತ್ತಲಿನ ಕಾವನ್ನೆಲ್ಲ ಹೀರಿ ನೀರನ್ನು ಗಡ್ಡೆ ಕಟ್ಟಿಸುತ್ತದೆ. ಎಲ್ಲಿಯಾದರೂ ಸೋರಿದರೆ ಕಣ್ಣು, ಗಂಟಲು, ಶ್ವಾಸ ಯಾವುದನ್ನೂ ಬಿಡುವುದಿಲ್ಲ. ಹಾಗಾಗಿ ಅಲ್ಲಿ ಮೂಗೇ ಕಾವಲುಗಾರ. ನಾರಾಯಣನ ಮೂಗು ಅಂದರೆ ಬಂದರಿಗೇ ಹೆಸರು. ರಸ್ತೆಯಾಚೆ ಚಾ ಕುಡಿಯುತ್ತಾ ಕೂತವನು "ಎರಡನೇ ವಾಲ್ವಿನ ಗ್ಲ್ಯಾಂಡು ಸಡಿಲಾಗ್ಯದೆ" ಎಂದು ಎದ್ದು ಹೋಗುತ್ತಿದ್ದ, ಹೋಗಿ ನೋಡಿದರೆ ವಾಲ್ವಿನ ದಂಡದ ಸುತ್ತ ಬಿಗಿಯುವ ಆ ಬಿರಡೆ ಸಡಿಲವಾಗಿಯೇ ಇರುತ್ತಿತ್ತು. "ನಮ್ಮ ಫ್ಯಾಕ್ಟರಿಗೆ ಲೀಕ್ ತೋರ್ಸೂ ಮೀಟರ್ ಎಂತಕ್ಕೆ, ನಾರಾಯಣ ಇದ್ದಾನಲ್ಲ," ಎಂದು ಸಾವ್ಕಾರರು ಬಂದವರೆದುರು ಹೇಳಿಕೊಳ್ಳುತ್ತಿದ್ದರು.

ನಾನು ಬಂದ ಮೂರನೇ ದಿನ ಅಮ್ಮ ಒಲೆಯ ಮೇಲೆ ಹಾಲಿಟ್ಟು, ಮರೆತು, ಅಂಗನವಾಡಿಯ ಕೆಲಸಕ್ಕೆ ಹೋಗಿದ್ದಳು. ನಾನು ಹಿತ್ತಲಲ್ಲಿದ್ದೆ. ಹಾಲು ಉಕ್ಕಿ, ಸೀದು, ಪಾತ್ರೆ ಕರಿಯಾಗಿ ಮನೆಯೆಲ್ಲ ಹೊಗೆ. ಓಡಿ ಬಂದು ನೋಡಿದರೆ ಮಾವ ಒಲೆಗೆ ಬೆನ್ನು ಹಾಕಿ ಕೂತು ಪೇಪರ್ ಓದುತ್ತಿದ್ದಾನೆ.

"ಮಾವ! ನಿಂಗೆ ವಾಸ್ನೆ ಬರೂದಿಲ್ವಾ?" ಎಂದು ಕೂಗಿದೆ, ಬೈಯುವ ದನಿಯಲ್ಲಿ.

ಅವನು ಪೇಪರ್ ಮಡಚಿದ. ಎದ್ದು ಮುಂಬಾಗಿಲು ಹಾಕಿ ಬಂದು ಮೆಲ್ಲಗೆ ಹೇಳಿದ: "ಇಲ್ಲ ಕೂಸೆ. ಬೇಸಿಗೆ ಕೊನೆಲಿ ಜ್ವರ ಬಂದಿತ್ತಲ, ಆಗಿಂದ ಬರೂದಿಲ್ಲ. ಮೂಗು ಸತ್ತೋತು. ನಿನ್ನ ಅಮ್ಮಂಗೂ ಹೇಳ್ಲಿಲ್ಲ."

ಮೀನುಗಾರಿಕೆ ನಿಷೇಧದ ತಿಂಗಳಾದ್ದರಿಂದ ಫ್ಯಾಕ್ಟರಿ ನಿಂತಿತ್ತು, ಅದಕ್ಕೇ ಇಷ್ಟು ದಿನ ನಡೆದಿತ್ತು. ಆದರೆ ಆಗಸ್ಟ್ ಒಂದಕ್ಕೆ ಬೋಟುಗಳು ಕಡಲಿಗೆ ಇಳಿಯುತ್ತವೆ. ಅಷ್ಟರೊಳಗೆ ಐಸ್ ತುಂಬಿಡಬೇಕು, ಅಂದರೆ ಇನ್ನೆರಡು ವಾರದಲ್ಲಿ ಯಂತ್ರ ಶುರು. ಡಾಕ್ಟರರು ವಾಸನೆ ತಾನಾಗಿ ಬರಬಹುದು, ಬಾರದೆಯೂ ಇರಬಹುದು ಎಂದಿದ್ದರಂತೆ. ಸಾವ್ಕಾರರಿಗೆ ಗೊತ್ತಾದರೆ ಆ ದಿನವೇ ಕೆಲಸ ಹೋಗುತ್ತದೆ, ಐವತ್ತೆಂಟರ ಮುದುಕನನ್ನು ಇನ್ನು ಯಾರು ಕರೆಯುತ್ತಾರೆ?

"ನೀ ಹೆಂಗೂ ಓದೂಕೆ ಬಂದಿದ್ದೆ. ಅಲ್ಲೇ ಬಂದು ಕೂತು ಓದು. ನಿಂಗೆ ವಾಸ್ನೆ ಬಂದ್ರೆ ನಂಗೆ ಹೇಳು," ಎಂದ.

ಬುದ್ಧಿ ಇದ್ದವರು ಆಗಲೇ ಬೇಡ ಅನ್ನುತ್ತಿದ್ದರು. ನಾನು ಆತು ಎಂದೆ.

ಹೀಗೆ ನಾನು ನನ್ನ ಮಾವನ ಮೂಗಾದೆ. ಅವನು ಪೈಪು, ವಾಲ್ವು ನೋಡುತ್ತಾ ಸುತ್ತು ಹೊಡೆಯುವಾಗ ನಾನು ಚಾದ ಲೋಟ ಹಿಡಿದು ಹಿಂದೆ ಹೋಗಬೇಕು. ಘಾಟು ಹತ್ತಿದ ಕಡೆ ಒಂದು ಸಲ ಕೆಮ್ಮಬೇಕು. ಆಗ ಅವನು ನಿಂತು, ಮೂಗನ್ನು ಮೇಲೆತ್ತಿ, ಎಲ್ಲರಿಗೂ ಕೇಳುವಂತೆ "ಇಲ್ಲೊಂಚೂರು ವಾಸ್ನೆ ಅದೆ," ಎಂದು ಸ್ಪ್ಯಾನರ್ ತೆಗೆಯುತ್ತಿದ್ದ. ನಾಟಕದವರೂ ಹಾಗೆ ಮಾಡಲಿಕ್ಕಿಲ್ಲ. ಐಸ್ ಗಡ್ಡೆ ಎಳೆಯುವ ಕೆಲಸದ ದೇವಮ್ಮ ಒಂದು ದಿನ ನನಗೆ ಶುಂಠಿ ಕಷಾಯ ತಂದುಕೊಟ್ಟಳು. "ಪಾಪ, ಕೂಸಿಗೆ ಕೆಮ್ಮು ಬಿಡ್ತೇ ಇಲ್ಲ," ಎಂದಳು. ಅವಳ ಮುಖ ನೋಡಲು ನಾಚಿಕೆಯಾಯಿತು.

ನಾನು ಒತ್ತಡ ತೋರಿಸುವ ಗೇಜಿನ ಕೆಳಗೆ ಮರದ ಸ್ಟೂಲ್ ಹಾಕಿ ಪುಸ್ತಕ ತೆರೆದು ಕೂರುತ್ತಿದ್ದೆ. ಮಾವ ಒಮ್ಮೆ ಬಗ್ಗಿ ನೋಡಿ ಕೇಳಿದ: "ಎಂತದೆ ಅದು, ಫ್ಯುಗಾ...?"

ಪುಸ್ತಕದ ಮಾತಿನಲ್ಲಿ ಹೇಳಲು ಹೋಗಿ ತಡವರಿಸಿದೆ. ಕೊನೆಗೆ ಹೇಳಿದೆ: "ದ್ರವದೊಳಗೆ ಇದ್ದದ್ದಕ್ಕೆ ಹೊರಗೆ ಓಡೂಕೆ ಎಷ್ಟು ಮನಸ್ಸು, ಗ್ಯಾಸಲ್ಲಿ ಇದ್ದದ್ದಕ್ಕೆ ದ್ರವಕ್ಕೆ ಓಡೂಕೆ ಎಷ್ಟು ಮನಸ್ಸು, ಅದನ್ನ ಅಳೆಯೂದು. ಎರಡೂ ಸಮ ಆದ್ರೆ ಯಾರೂ ಹೆಚ್ಚಾಗಿ ಎಲ್ಲೂ ಹೋಗೂದಿಲ್ಲ."

"ಅಂದ್ರೆ ಆತುರ," ಎಂದ ಮಾವ. "ಯಾರಿಗೆ ಎಷ್ಟು ಆತುರ ಅಂತ ನೋಡೂದು. ಅದಕ್ಕೆ ಇಷ್ಟು ದಪ್ಪ ಪುಸ್ತಕವಾ?"

ಎರಡು ವರ್ಷ ಲೆಕ್ಚರರು ಹೇಳಿದ್ದು ತಲೆಗೆ ಹೋಗದವಳಿಗೆ ಆ ಒಂದು ಮಾತಿನಿಂದ ಅಧ್ಯಾಯ ತೆರೆದುಕೊಂಡಿತು. ಒತ್ತಡ ಎಷ್ಟಿದೆಯೋ ಅಷ್ಟೇ ಆತುರ ಎಂದುಕೊಂಡರೆ ತಪ್ಪಾಗುತ್ತದೆ, ಅಮೋನಿಯಾದ ಕಣಗಳು ಒಂದನ್ನೊಂದು ಹಿಡಿದುಕೊಳ್ಳುವುದರಿಂದ ನಿಜವಾದ ಆತುರ ತುಸು ಕಡಿಮೆ. ಎಷ್ಟು ಕಡಿಮೆ ಎಂಬುದನ್ನು ಒಂದು ಗುಣಕ ಹೇಳುತ್ತದೆ. ದ್ರವದ್ದಾದರೆ, ಆ ಕಾವಿನಲ್ಲಿ ಅದು ಕುದಿಯುವ ಒತ್ತಡವನ್ನು ಹಿಡಿದು, ಅದೇ ಗುಣಕ ಹಾಕಿ, ಮೇಲಿಂದ ಒತ್ತುವ ಹೆಚ್ಚುವರಿ ಒತ್ತಡಕ್ಕೆ ಒಂದು ಚಿಕ್ಕ ತಿದ್ದುಪಡಿ ಸೇರಿಸಬೇಕು. ಅಷ್ಟೇ. ಇಷ್ಟಕ್ಕೆ ನಾನು ಎರಡು ಸಲ ಅತ್ತಿದ್ದೆ!

ಇನ್ನೊಂದನ್ನೂ ಮಾವನೇ ಕಲಿಸಿದ. ಗೇಜಿನ ಮುಳ್ಳು ಸೊನ್ನೆಯಲ್ಲಿದ್ದಾಗ ಒಳಗೆ ಒತ್ತಡವೇ ಇಲ್ಲ ಎಂದು ನಾನು ಹೇಳಿದ್ದಕ್ಕೆ ನಕ್ಕುಬಿಟ್ಟ. "ಸೊನ್ನೆ ಅಂದ್ರೆ ಎಂತ ಇಲ್ಲ ಅಂತ ಅಲ್ಲ. ಊರಗಾಳಿ ಒತ್ತೂದು ಒಂದು ಕಿಲೋ ಇದ್ದೇ ಇರ್ತದೆ, ಮುಳ್ಳು ಅದನ್ನ ಲೆಕ್ಕಕ್ಕೆ ಹಿಡಿಯೂದಿಲ್ಲ. ನೀನೇ ಒಂದು ಕೂಡಿಸ್ಕಬೇಕು." ಅಲ್ಲಿ ಒತ್ತಡವನ್ನು ಕಿಲೋದಲ್ಲೇ ಹೇಳುತ್ತಿದ್ದರು.

ಜುಲೈ ಇಪ್ಪತ್ತರ ಸುಮಾರಿಗೆ ಯಂತ್ರ ಪೂರ್ತಿ ಓಡತೊಡಗಿತು. ಹೊರಗೆ ಎಡೆಬಿಡದ ಮಳೆ, ಒಳಗೆ ಕಂಪ್ರೆಸರಿನ ಸದ್ದು, ಉಪ್ಪುನೀರಿನ ತೊಟ್ಟಿಯಲ್ಲಿ ಸಾಲು ಸಾಲು ಡಬ್ಬಿ. ಎರಡು ದಿನ ಎಲ್ಲ ಸರಿ ಇತ್ತು. ಮೂರನೇ ದಿನದಿಂದ ಮುಳ್ಳು ಇರಬೇಕಾದ್ದಕ್ಕಿಂತ ಮೇಲೆ ನಿಲ್ಲತೊಡಗಿತು. ಮಾವ ಕಂಡೆನ್ಸರ್ ಮುಟ್ಟಿ ನೋಡಿ ಮುಖ ಸಣ್ಣ ಮಾಡಿದ. "ಗಾಳಿ ಹಿಡಿದದೆ," ಎಂದ.

ಅದು ಕಸುಬಿನ ಮಾತು. ಹೊರಗಿನ ಗಾಳಿ ಹೇಗೋ ಒಳಸೇರಿಕೊಂಡರೆ ಅದು ಅಮೋನಿಯಾದಂತೆ ದ್ರವವಾಗುವುದಿಲ್ಲ, ಕಂಡೆನ್ಸರಿನಲ್ಲೇ ಕೂತು ಒತ್ತಡ ಏರಿಸುತ್ತದೆ. ದೇವಮ್ಮ ಮಾತ್ರ ಅದನ್ನು ಬೇರೆಯೇ ಅರ್ಥದಲ್ಲಿ ಹಿಡಿದಳು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಕಂಡೆನ್ಸರಿನ ಪೈಪಿಗೆ ನಿಂಬೆಹಣ್ಣು, ಒಣಮೆಣಸು ಕಟ್ಟಿ, ಕೆಳಗೆ ತೆಂಗಿನಕಾಯಿ ಒಡೆದಿದ್ದಳು. "ಗಾಳಿ ಮೆಟ್ಕಂಡ್ರೆ ಹಂಗೇ ಬಿಡೂಕಾಗ್ತದ್ಯಾ?" ಎಂದು ನನ್ನನ್ನೇ ಕೇಳಿದಳು. ನಾನು ಹೊಟ್ಟೆ ಹಿಡಿದು ನಕ್ಕೆ. ಈಗ ಅನ್ನಿಸುತ್ತದೆ, ನಮ್ಮ ಮೂವರಲ್ಲಿ ಗಾಳಿಗೆ ಹೆದರಿ ಏನಾದರೂ ಮಾಡಿದವಳು ಅವಳೊಬ್ಬಳೇ.

ಗಾಳಿ ಬಿಡಿಸಲು ಯಂತ್ರ ನಿಲ್ಲಿಸಿ, ಕಂಡೆನ್ಸರ್ ತಣಿಯಲು ಬಿಟ್ಟು, ಮೇಲಿನ ವಾಲ್ವಿಗೆ ರಬ್ಬರ್ ಪೈಪು ಸಿಕ್ಕಿಸಿ, ಅದರ ತುದಿಯನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ ತೆರೆಯಬೇಕು. ಅಮೋನಿಯಾ ನೀರಿನಲ್ಲೇ ಕರಗಿ ಹೋಗುತ್ತದೆ, ಗಾಳಿ ಗುಳುಗುಳು ಗುಳ್ಳೆಯಾಗಿ ಮೇಲೆ ಬರುತ್ತದೆ. ಗುಳ್ಳೆ ನಿಂತರೆ ಕೆಲಸ ಮುಗಿಯಿತು. ಒಂದು ದಿನದ ಐಸ್ ಹೋಗುತ್ತದೆ. ಅದಕ್ಕಿಂತ ಹೆಚ್ಚಿನ ಭಯ ಎಂದರೆ, ಯಂತ್ರ ನಿಂತಿತು ಅಂದ ಕೂಡಲೇ ಸಾವ್ಕಾರರು ಮಂಗಳೂರಿನ ಮೆಕ್ಯಾನಿಕ್ಕನ್ನು ಕರೆಸುತ್ತಾರೆ, ಅವನು ಮಾವನ ಜೊತೆ ಒಂದು ಸುತ್ತು ಹೊಡೆದರೆ ಸಾಕು, ಮೂಗಿನ ಕತೆ ಬಯಲಾಗುತ್ತದೆ.

"ಅರ್ಧ ಕಿಲೋ ಗಾಳಿ ಎಲ್ಲಾ ಫ್ಯಾಕ್ಟರಿಲೂ ಇರ್ತದೆ, ಅಷ್ಟಿದ್ರೆ ಹೆದ್ರಿಕೆ ಇಲ್ಲ," ಎಂದ ಮಾವ. "ನೀ ಲೆಕ್ಕ ಹಾಕಿ ಹೇಳು. ಎಷ್ಟದೆ?"

ಹಾಕಿದೆ. ದ್ರವದ ಕಾವು ಮೂವತ್ತನಾಲ್ಕು ಡಿಗ್ರಿ. ಮುಳ್ಳು ಹದಿನಾಲ್ಕರಲ್ಲಿ, ಒಂದು ಕೂಡಿಸಿದರೆ ಹದಿನೈದು. ದ್ರವದ ಆತುರ ಹನ್ನೆರಡಕ್ಕೆ ತುಸು ಕಡಿಮೆ ಬಂತು. ಗ್ಯಾಸಿನದು ಹದಿಮೂರರ ಹತ್ತಿರ. ಸಮ ಇಲ್ಲ. ಅಳಿಸಿ ಮತ್ತೆ ಮಾಡಿದೆ, ಅದೇ ಬಂತು. ಎರಡು ಸಲ ಫೇಲಾದವಳ ಬುದ್ಧಿ ನೋಡಿ: ಸಮ ಬರಲಿಲ್ಲ ಅಂದರೆ ಕಂಡೆನ್ಸರಿನಲ್ಲಿ ಅಮೋನಿಯಾ ಅಲ್ಲದ್ದು ಇದೆ ಎಂದು ನನಗೆ ಹೊಳೆಯಬೇಕಿತ್ತು. ಅಲ್ಲ, ಹೊಳೆದಿತ್ತು. ಆ ವ್ಯತ್ಯಾಸವನ್ನು ಗುಣಕದಿಂದ ಬಿಡಿಸಿ ಒತ್ತಡಕ್ಕೆ ತಂದರೆ, ಒಂದೂವರೆ ಕಿಲೋ ಗಾಳಿ ಇದೆ ಎಂದು ಆ ಲೆಕ್ಕ ಕೂಗಿ ಹೇಳುತ್ತಿತ್ತು. ಆದರೆ ಪುಸ್ತಕದ ಹಿಂದಿನ ಉತ್ತರ ನೋಡಿ ಲೆಕ್ಕ ಕೂಡಿಸಿ ಕೂಡಿಸಿ ನನ್ನ ಕೈ ಕೆಟ್ಟುಹೋಗಿತ್ತು. ಈಗ ಎದುರಿಗೆ ಮಾವನ ಮುಖ ಇತ್ತು. ಆ ಮುಖಕ್ಕೆ ಬೇಕಾದ ಉತ್ತರ ಯಾವುದೆಂದು ಗೊತ್ತಿತ್ತು. ಕೂಡಿಸಿದ್ದ ಒಂದನ್ನು ಅಳಿಸಿದೆ. ಹದಿನಾಲ್ಕನ್ನೇ ಇಟ್ಟು ಮಾಡಿದಾಗ ಗ್ಯಾಸಿನದೂ ಹನ್ನೆರಡರ ಹತ್ತಿರ ಬಂದು ನಿಂತಿತು, ಉಳಿದದ್ದು ಅರ್ಧ ಕಿಲೋ ಗಾಳಿಯಷ್ಟೇ. ಇಷ್ಟು ಚೆಂದಾಗಿ ನನ್ನ ಲೆಕ್ಕ ಯಾವತ್ತೂ ಸಮ ಬಂದಿರಲಿಲ್ಲ.

"ಅರ್ಧ ಕಿಲೋ ಅಷ್ಟೇ ಮಾವ," ಎಂದೆ.

ಅವನು ನೋಟ್‌ಬುಕ್ ಇಸಿದುಕೊಂಡು ಸ್ವಲ್ಪ ಹೊತ್ತು ನೋಡಿದ. "ಹಂಗಾರೆ ಆತು," ಎಂದು ವಾಪಸ್ ಕೊಟ್ಟ.

ಮುಳ್ಳು ದಿನಕ್ಕಿಷ್ಟು ಏರಿತು. ಕಂಪ್ರೆಸರ್ ಗ್ಯಾಸು ಎಳೆದುಕೊಳ್ಳುವ ಬದಿಯಲ್ಲಿ ಒತ್ತಡ ಊರಗಾಳಿಗಿಂತ ಕೆಳಗಿಳಿದಾಗಲೆಲ್ಲ, ಸವೆದ ಒಂದು ಗ್ಲ್ಯಾಂಡಿನಿಂದ ಗಾಳಿ ಒಳಗೆ ಹೋಗುತ್ತಲೇ ಇತ್ತು. ನನಗೆ ಅನ್ನ ಸೇರುತ್ತಿರಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಹೇಳಿದರೆ ಮೊದಲು ಯಾಕೆ ಸುಳ್ಳು ಹೇಳಿದೆ ಎಂದು ಕೇಳುತ್ತಾನಲ್ಲ! ಬಂದರಿನಲ್ಲಿ ಬೋಟುಗಳಿಗೆ ಬಣ್ಣ ಬಳಿದಾಗಿತ್ತು, ಬಲೆ ಏರಿಸುತ್ತಿದ್ದರು, ಸಾವ್ಕಾರರು ದಿನಕ್ಕೆ ಮೂರು ಸಲ ಬಂದು "ಎಷ್ಟು ಗಡ್ಡೆ ಆತು ನಾರಾಯಣ?" ಎಂದು ಕೇಳಿ ಹೋಗುತ್ತಿದ್ದರು. ಇನ್ನು ಎರಡೇ ದಿನ, ಬೋಟು ಇಳಿದ ಮೇಲೆ ಯಂತ್ರ ನಿಲ್ಲಿಸಬಹುದು ಎಂದು ನಾನು ದಿನ ಎಣಿಸುತ್ತಿದ್ದೆ.

ಮೂವತ್ತನೇ ತಾರೀಖು ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಬಂತು. ಮುಳ್ಳು ಹದಿನೇಳು ದಾಟಿತ್ತು. ದೇವಮ್ಮ ಮತ್ತೆ ಮೂವರು ಹೆಂಗಸರು ಗಡ್ಡೆ ಎಳೆಯುತ್ತಿದ್ದರು. ಸಾವ್ಕಾರರು ಬಾಗಿಲಲ್ಲಿ ನಿಂತಿದ್ದರು. ನನಗೆ ಘಾಟು ಹತ್ತಿತು. ಕೆಮ್ಮಿದೆ. ಮಾವ ದೂರದಲ್ಲಿ ದ್ರವ ತುಂಬಿಡುವ ಟ್ಯಾಂಕಿನ ಹತ್ತಿರ ಇದ್ದ, ಕಂಪ್ರೆಸರಿನ ಸದ್ದಿನಲ್ಲಿ ಕೇಳಲಿಲ್ಲ. ಮತ್ತೆ ಜೋರಾಗಿ ಕೆಮ್ಮಿದೆ. ಘಾಟು ಏರುತ್ತಾ ಮೂಗಿನೊಳಗೆ ಸೂಜಿ ಚುಚ್ಚಿದಂತಾಯಿತು. ನೋಡಿದರೆ ಮಾವನ ತಲೆಯ ಮೇಲೆಯೇ, ಎರಡು ಪೈಪು ಕೂಡುವ ಜಾಗದಲ್ಲಿ, ಬಿಳಿ ಹೊಗೆಯ ಎಳೆಯೊಂದು ಏಳುತ್ತಿದೆ. ಅವನು ಅದರ ಕೆಳಗೇ ಬಗ್ಗಿ ಏನೋ ತಿರುಗಿಸುತ್ತಿದ್ದಾನೆ.

"ಲೀಕ್! ಎಲ್ಲಾ ಹೊರಗೆ ನಡೀರಿ!" ಎಂದು ಕೂಗಿದೆ.

ಯಾರೂ ಅಲುಗಲಿಲ್ಲ. ಅಲ್ಲಿ ಒಂದಿಷ್ಟು ವಾಸನೆ ಯಾವಾಗಲೂ ಇರುವಂಥದ್ದೇ. ಹೆಂಗಸರು ನನ್ನನ್ನು ನೋಡಿದರು, ಆಮೇಲೆ ಮಾವನನ್ನು ನೋಡಿದರು. ಅವನು ಆರಾಮಾಗಿದ್ದ.

"ನಾರಾಯಣಣ್ಣ ಅಲ್ಲೇ ಇದ್ನಲೆ, ಎಂತ ಆಗೂದಿಲ್ಲ," ಎಂದಳು ದೇವಮ್ಮ, ಗಡ್ಡೆಗೆ ಕೊಕ್ಕೆ ಹಾಕುತ್ತಾ.

ಸಾವ್ಕಾರರೂ ನಕ್ಕರು. "ಹೆದ್ರಬೇಡ ತಂಗಿ. ಲೀಕಾದ್ರೆ ನಾರಾಯಣಂಗೆ ಮೊದಲು ಗೊತ್ತಾಗ್ತದೆ."

ಆ ಕ್ಷಣ ನನ್ನ ಬಾಯಿಂದ ಬಂದದ್ದು ಇವತ್ತಿಗೂ ಕಿವಿಯಲ್ಲಿದೆ. "ಅವಂಗೆ ಗೊತ್ತಾಗೂದಿಲ್ಲ! ಮಾವಂಗೆ ವಾಸ್ನೆ ಬರೂದಿಲ್ಲ! ಬೇಸಿಗೆಯಿಂದ ಬರೂದಿಲ್ಲ!"

ಸಾವ್ಕಾರರ ನಗು ಹಾಗೇ ನಿಂತಿತು. ದೇವಮ್ಮ ಕೊಕ್ಕೆ ಬಿಟ್ಟಳು. ನಾನು ಅವಳ ರಟ್ಟೆ ಹಿಡಿದು ಎಳೆದೆ. ಹೆಂಗಸರು ರಸ್ತೆಯ ಕಡೆ ಓಡಲು ನೋಡಿದರು, ಗಾಳಿ ಕಡಲಿನಿಂದ ರಸ್ತೆಯ ಕಡೆಗೇ ಬೀಸುತ್ತಿತ್ತು. "ಅತ್ಲಾಗೆ ಬೇಡ, ದಕ್ಕೆ ಕಡೆ, ದಕ್ಕೆ ಕಡೆ!" ಎಂದು ಗಂಟಲು ಹರಿಯುವಂತೆ ಕೂಗಿ ಅವರನ್ನು ಬೋಟು ಕಟ್ಟುವ ಕಡೆಗೆ ತಿರುಗಿಸಿದೆ. ನಾವು ಹೊರಬಿದ್ದದ್ದಷ್ಟೇ, ಒಳಗೆ ಬುಸ್ಸೆಂದು ಸದ್ದಾಗಿ ಬಾಗಿಲು, ಕಿಟಕಿಯಿಂದೆಲ್ಲ ಬಿಳಿ ಮೋಡ ಬಂತು.

ಮಾವ ಹೊರಗೆ ಬಂದಿರಲಿಲ್ಲ. ವಾಸನೆ ಗೊತ್ತಾಗದವನಿಗೂ ಅಷ್ಟು ಗ್ಯಾಸು ಕಣ್ಣಿಗೆ ಹೊಡೆದಾಗ ಗೊತ್ತಾಗಿತ್ತು. ಅವನು ಓಡಿ ಬರಲಿಲ್ಲ. ಹೆಗಲ ಮೇಲಿನ ಪಂಚೆಯನ್ನು ಐಸ್ ನೀರಿಗೆ ಅದ್ದಿ ಮುಖಕ್ಕೆ ಸುತ್ತಿಕೊಂಡು, ಕಣ್ಣು ಮುಚ್ಚಿ, ಗೋಡೆ ತಡವುತ್ತಾ ಹೋಗಿ ಮೇನ್ ಸ್ವಿಚ್ ಆರಿಸಿ, ಟ್ಯಾಂಕಿನ ವಾಲ್ವು ತಿರುಗಿಸಿ ಬಂದ್ ಮಾಡಿದ. ಮೂವತ್ತು ವರ್ಷ ಕೆಲಸ ಮಾಡಿದ ಜಾಗ, ಕಣ್ಣು ಬೇಕಾಗಲಿಲ್ಲ. ದಕ್ಕೆಯ ಮೇಲೆ ನಿಂತು ನಾನು ಎಷ್ಟು ಹೊತ್ತು ಕಾದೆನೋ ಗೊತ್ತಿಲ್ಲ. ಐದು ನಿಮಿಷ ಇರಲಿಕ್ಕಿಲ್ಲ. ಅಷ್ಟರಲ್ಲಿ ನಾನು ಹರಕೆ ಹೊರದ ದೇವರು ಈ ತಾಲೂಕಿನಲ್ಲಿ ಉಳಿದಿರಲಿಲ್ಲ. ಹಿಂಬಾಗಿಲಿನಿಂದ ತೆವಳಿಕೊಂಡು ಬಂದವನನ್ನು ಬೋಟಿನವರು ಎತ್ತಿ ಬಕೆಟ್ ಬಕೆಟ್ ನೀರು ಹೊಯ್ದರು.

ಯಾರೂ ಸಾಯಲಿಲ್ಲ. ದೇವಮ್ಮನ ಗಂಟಲು ವಾರ ಕಟ್ಟಿತ್ತು. ಮಾವನ ಎಡಗಣ್ಣು ಪೂರ್ತಿ ಸರಿಯಾಗಲೇ ಇಲ್ಲ.

ಮಂಗಳೂರಿನ ಮೆಕ್ಯಾನಿಕ್ ಬಂದು ಪೈಪು ಕೂಡುವಲ್ಲಿ ಹರಿದಿದ್ದ ಗ್ಯಾಸ್ಕೆಟ್ ಬದಲಿಸಿ, ಬಕೆಟ್ ಇಟ್ಟು ಗಾಳಿ ಬಿಟ್ಟ. ಗುಳ್ಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. "ಇಷ್ಟು ಗಾಳಿ ಇಟ್ಕೊಂಡು ಯಾವ ಬುದ್ಧಿವಂತ ಓಡಿಸಿದ್ದು ಮಾರಾಯ್ರೆ?" ಎಂದು ಕೇಳಿದ. "ಪಾಪ, ಅವನಿಗೆ ಮೂಗಿರಲಿಲ್ಲ," ಎಂದರು ಸಾವ್ಕಾರರು. ನಾನು ಪಕ್ಕದಲ್ಲೇ ನಿಂತಿದ್ದೆ. ಗಾಳಿ ಎಷ್ಟಿದೆ ಎಂದು ತಿಳಿಯಲು ಮೂಗು ಬೇಡ, ಗೇಜು ಸಾಕು, ಲೆಕ್ಕ ಹಾಕಿದವಳು ನಾನು ಎಂದು ಹೇಳಬಹುದಿತ್ತು. ಸಾವ್ಕಾರರು ಎಲ್ಲರೆದುರು ನನ್ನ ಬೆನ್ನು ತಟ್ಟಿ, ಈ ಹುಡುಗಿಯ ಮೂಗು ನಾಲ್ಕು ಜೀವ ಉಳಿಸಿತು ಎಂದರು. ದೇವಮ್ಮ ನನ್ನ ಕೈ ಹಿಡಿದು ಅತ್ತಳು. ಮಾವನಿಗೆ ಮಾತ್ರ ಇನ್ನು ಬರುವುದು ಬೇಡ ಎಂದು ಹೇಳಿಕಳಿಸಿದರು. ಅವನು ಯಾರ ಹೆಸರನ್ನೂ ಹೇಳಲಿಲ್ಲ. "ಹೌದು, ತಪ್ಪು ನಂದೇ," ಎಂದು ಒಪ್ಪಿಕೊಂಡು ಸ್ಪ್ಯಾನರುಗಳನ್ನು ಒಪ್ಪಿಸಿ ಬಂದ.

ಪರೀಕ್ಷೆಗೆ ಹೊರಟ ದಿನ ಬಸ್ ಸ್ಟ್ಯಾಂಡಿಗೆ ಬಿಡಲು ಬಂದ, ಕಪ್ಪು ಕನ್ನಡಕ ಹಾಕಿಕೊಂಡು. ಬಂದರಿನ ಕಡೆಯಿಂದ ಐಸ್ ತುಂಬಿದ ಲಾರಿ ಹೋಯಿತು, ಅವನು ಆ ಕಡೆ ನೋಡಲಿಲ್ಲ. ಘಟ್ಟದ ಬಸ್ ಬಂದು ನಿಂತಿತು. ಇನ್ನು ಹೇಳದಿದ್ದರೆ ಜನ್ಮದಲ್ಲಿ ಹೇಳುವುದಿಲ್ಲ ಅನ್ನಿಸಿತು.

"ಮಾವ, ಆ ಲೆಕ್ಕ ಸುಳ್ಳು. ನಾನು ಬೇಕಂತಲೇ ತಿದ್ದಿದ್ದು."

"ಗೊತ್ತದೆ," ಎಂದ. "ಅಳಿಸಿದ್ದು ಕಾಣ್ತಿತ್ತಲ. ಒಂದು ಕೂಡಿಸಿ, ಮತ್ತೆ ನೀನೇ ತೆಗೆದಿದ್ದೆ."

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಅನ್ನ ಬಿಟ್ಟು ನರಳಿದ್ದೇನೆ, ಇವನಿಗೆ ಮೊದಲ ದಿನದಿಂದಲೇ ಗೊತ್ತು! "ಗೊತ್ತಿದ್ದೂ ಎಂತಕ್ಕೆ ಓಡಿಸ್ದೆ? ನಿಲ್ಸೂಕೆ ಆಗ್ತಿರ್ಲಿಲ್ವಾ?"

ಕಂಡಕ್ಟರ್ ಸೀಟಿ ಊದಿದ. ಮಾವ ನನ್ನ ಚೀಲವನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು, ಕನ್ನಡಕ ತೆಗೆದು ಆ ಕೆಂಪು ಕಣ್ಣನ್ನು ಒರೆಸಿಕೊಂಡ.

"ನಂಗೂ ಅದೇ ಉತ್ತರ ಬೇಕಾಗಿತ್ತು ಕೂಸೆ," ಎಂದ.